ಮುರಿದು ನೋಡುವವರೂ ಎಂಜಿನಿಯರುಗಳೇ

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಕ್ಯಾಂಪಸ್ ಆಯ್ಕೆ ಮುಗಿದ ವಾರ ಎಷ್ಟೋ ಮನೆಗಳಲ್ಲಿ ಒಂದೇ ಬಗೆಯ ಮಾತು ಕೇಳಿಬರುತ್ತದೆ. ಮಗಳಿಗೆ ಕೆಲಸ ಸಿಕ್ಕಿದೆ. ಕಂಪನಿ ಒಳ್ಳೆಯದು, ಸಂಬಳಕ್ಕೂ ಕೊರತೆಯಿಲ್ಲ. ಆದರೂ ತಂದೆಯ ಮುಖದಲ್ಲಿ ಪೂರ್ಣ ಸಂತೋಷವಿಲ್ಲ. ಬಂಧುಗಳು ವಿಚಾರಿಸಿದಾಗ “ಟೆಸ್ಟಿಂಗ್ ವಿಭಾಗವಂತೆ. ಸದ್ಯಕ್ಕೆ ಸೇರಿಕೊಳ್ಳಲಿ, ಮುಂದೆ ಡಿಸೈನ್‌ಗೆ ಹೋಗಬಹುದು” ಎಂದು ತಾವಾಗಿಯೇ ಸಮಾಧಾನ ಹೇಳಿಕೊಳ್ಳುತ್ತಾರೆ. ವಿನ್ಯಾಸ ಮಾಡುವವರು ಜಾಣರು, ತಯಾರಿಸುವವರು ಶ್ರಮಜೀವಿಗಳು, ಪರೀಕ್ಷೆ ಮಾಡುವವರು ಮಾತ್ರ ಇತರರ ಕೆಲಸದಲ್ಲಿ ಹುಳುಕು ಹುಡುಕುವವರು ಎಂಬ ಭಾವನೆ ನಮ್ಮ ಸಮಾಜದಲ್ಲಿ ಬಲವಾಗಿ ಬೇರೂರಿದೆ. ಅನೇಕ ಕಂಪನಿಗಳ ಒಳಗೂ ಇದೇ ಭಾವನೆ ಇದೆ ಎಂಬುದು ಇನ್ನೂ ಚಿಂತೆಯ ಸಂಗತಿ.

ವಿಚಿತ್ರವೆಂದರೆ, ಇದೇ ಮನೆಗಳಲ್ಲಿ ಪರೀಕ್ಷಿಸದೆ ಯಾವ ವಸ್ತುವನ್ನೂ ಕೊಳ್ಳುವುದಿಲ್ಲ. ಮಡಕೆಯನ್ನು ಬೆರಳಿನಿಂದ ತಟ್ಟಿ ಸದ್ದು ಕೇಳುತ್ತಾರೆ. ತೆಂಗಿನಕಾಯಿಯನ್ನು ಕಿವಿಯ ಬಳಿ ಹಿಡಿದು ಅಲುಗಾಡಿಸುತ್ತಾರೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಚುಕುತ್ತಾರೆ. ಮನೆಯ ಸಾಮಾನಿಗೆ ಇರುವ ಈ ವಿವೇಕ ವಿಮಾನಕ್ಕೆ, ಟ್ರಾನ್ಸ್‌ಫಾರ್ಮರಿಗೆ, ಫೋನಿನ ಬ್ಯಾಟರಿಗೆ ಬೇಡವೇ? ಪರೀಕ್ಷೆ ಎಂಬುದು ಎಂಜಿನಿಯರಿಂಗ್‌ನ ಕೊನೆಯ ಚಿಲ್ಲರೆ ಕೆಲಸವೇ ಅಥವಾ ಅದರ ಜೀವಾಳವೇ? ಉತ್ತರಕ್ಕಾಗಿ ಕೆಲವು ನಿಜ ಪ್ರಸಂಗಗಳನ್ನು ನೋಡಬಹುದು.

ನೀರಿನ ತೊಟ್ಟಿಯಲ್ಲಿ ವಿಮಾನ

ಪ್ರಯಾಣಿಕರನ್ನು ಹೊತ್ತು ನಿಯಮಿತ ಸೇವೆ ಆರಂಭಿಸಿದ ಜಗತ್ತಿನ ಮೊದಲ ಜೆಟ್ ವಿಮಾನ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಂಪನಿಯ ‘ಕಾಮೆಟ್’. 1952ರ ಮೇ 2ರಂದು ಅದು ಲಂಡನ್ನಿನಿಂದ ಜೊಹಾನ್ಸ್‌ಬರ್ಗಿಗೆ ಹೊರಟಾಗ ಇಡೀ ಜಗತ್ತು ಬೆರಗಾಯಿತು. ಆದರೆ 1954ರ ಜನವರಿ 10ರಂದು ರೋಮ್‌ನಿಂದ ಲಂಡನ್ನಿಗೆ ಹೊರಟ ಕಾಮೆಟ್ ಎಲ್ಬಾ ದ್ವೀಪದ ಬಳಿ ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿತ್ತು. ಅದರಲ್ಲಿದ್ದ 35 ಮಂದಿಯೂ ಸತ್ತರು. ಹಾರಾಟ ನಿಲ್ಲಿಸಿ ಕೆಲವು ಸುಧಾರಣೆಗಳನ್ನು ಮಾಡಿ ಮಾರ್ಚ್‌ನಲ್ಲಿ ಮತ್ತೆ ಆರಂಭಿಸಿದರು. ಏಪ್ರಿಲ್ 8ರಂದು ಇನ್ನೊಂದು ಕಾಮೆಟ್ ಇಟಲಿಯ ಸಮೀಪ ಹಾಗೆಯೇ ಬಿದ್ದಿತು. ಈ ಸಲ 21 ಜೀವಗಳು ಹೋದವು.

ಕಾರಣ ಹುಡುಕುವ ಹೊಣೆ ಫಾರ್ನ್‌ಬರೋದ ರಾಯಲ್ ಏರ್‌ಕ್ರಾಫ್ಟ್ ಎಸ್ಟಾಬ್ಲಿಷ್‌ಮೆಂಟ್ ಎಂಬ ಸಂಶೋಧನಾ ಸಂಸ್ಥೆಯ ಮೇಲೆ ಬಿತ್ತು. ಅದರ ನಿರ್ದೇಶಕ ಆರ್ನಾಲ್ಡ್ ಹಾಲ್ ಮತ್ತು ಅವರ ತಂಡ ಹಾರಾಟದಲ್ಲಿದ್ದ ಒಂದು ಕಾಮೆಟ್ ವಿಮಾನವನ್ನೇ ತಂದು, ಅದರ ಒಡಲನ್ನು ದೊಡ್ಡ ನೀರಿನ ತೊಟ್ಟಿಯಲ್ಲಿ ಮುಳುಗಿಸಿತು. ರೆಕ್ಕೆಗಳು ತೊಟ್ಟಿಯ ಹೊರಗೆ ಚಾಚಿಕೊಂಡಿದ್ದವು. ಎತ್ತರಕ್ಕೆ ಏರಿದಾಗ ವಿಮಾನದ ಒಳಗೆ ಗಾಳಿಯ ಒತ್ತಡ ಹೊರಗಿಗಿಂತ ಹೆಚ್ಚಿರುತ್ತದೆ. ಇಳಿದಾಗ ಅದು ಸರಿಹೋಗುತ್ತದೆ. ಒಂದೊಂದು ಹಾರಾಟವೂ ಲೋಹದ ಒಡಲನ್ನು ಒಮ್ಮೆ ಉಬ್ಬಿಸಿ ಇಳಿಸಿದಂತೆ. ಇದನ್ನೇ ತಂಡವು ನೀರಿನ ಒತ್ತಡದಿಂದ ಮತ್ತೆ ಮತ್ತೆ ಮಾಡಿತು. ಗಾಳಿಯ ಬದಲು ನೀರೇ ಏಕೆ? ಒತ್ತಿಟ್ಟ ಗಾಳಿ ಬಿರುಕು ಕಂಡೊಡನೆ ಸ್ಫೋಟಿಸಿ ಸಾಕ್ಷ್ಯವನ್ನೇ ಚಿಂದಿ ಮಾಡುತ್ತದೆ. ನೀರು ಹಾಗೆ ಹಿಗ್ಗುವುದಿಲ್ಲವಾದ್ದರಿಂದ ಬಿರುಕು ಎಲ್ಲಿ ಹುಟ್ಟಿತೆಂದು ಸ್ಪಷ್ಟವಾಗಿ ಕಾಣುತ್ತದೆ.

ನಿಜವಾದ ಹಾರಾಟಗಳು ಮತ್ತು ತೊಟ್ಟಿಯ ಪರೀಕ್ಷೆ ಎರಡೂ ಸೇರಿ 3,057ನೇ ಸುತ್ತಿಗೆ ಆ ಒಡಲು ಬಿರಿಯಿತು. ಬಿರುಕು ಶುರುವಾದದ್ದು ಕಿಟಕಿಯಂಥ ಒಂದು ತೆರಪಿನ ಮೂಲೆಯಲ್ಲಿ. ತಂತಿಯನ್ನು ಹಿಂದಕ್ಕೂ ಮುಂದಕ್ಕೂ ಬಗ್ಗಿಸುತ್ತಿದ್ದರೆ ಕೊನೆಗೆ ಅದು ತುಂಡಾಗುತ್ತದಲ್ಲವೇ? ಅದೇ ‘ಲೋಹದ ದಣಿವು’. ಎಲ್ಬಾ ಬಳಿ ಬಿದ್ದ ವಿಮಾನ 1,290 ಹಾರಾಟಗಳನ್ನೂ, ಎರಡನೆಯದು 900 ಹಾರಾಟಗಳನ್ನೂ ಮುಗಿಸಿದ್ದವು.

ಹಾಗಾದರೆ ಕಂಪನಿ ಪರೀಕ್ಷೆಯನ್ನೇ ಮಾಡಿರಲಿಲ್ಲವೇ? ಮಾಡಿತ್ತು. ಅಲ್ಲಿಯೇ ಇರುವುದು ಈ ಕಥೆಯ ನಿಜವಾದ ಪಾಠ. ಡಿ ಹ್ಯಾವಿಲೆಂಡ್ ಪರೀಕ್ಷಿಸಿದ ಒಡಲಿನ ಭಾಗ ಸುಮಾರು 16,000 ಸಲದ ಒತ್ತಡವನ್ನು ತಡೆದುಕೊಂಡಿತ್ತು. ಆದರೆ ಅದೇ ಭಾಗವನ್ನು ಅದಕ್ಕೂ ಮೊದಲು ಬೇರೊಂದು ಪರೀಕ್ಷೆಗಾಗಿ, ಬಳಕೆಯ ಒತ್ತಡದ ಎರಡರಷ್ಟು ಒತ್ತಡಕ್ಕೆ ಒಡ್ಡಲಾಗಿತ್ತು. ಆ ಅತಿ ಒತ್ತಡಕ್ಕೆ ಮೂಲೆಗಳ ಲೋಹ ಕೊಂಚ ಹಿಗ್ಗಿ ಹಾಗೆಯೇ ಉಳಿದು, ಮುಂದೆ ಬಿರುಕನ್ನು ತಡೆಯುವ ಶಕ್ತಿಯನ್ನು ಪಡೆದಿತ್ತು. ಪ್ರಯಾಣಿಕರನ್ನು ಹೊತ್ತ ವಿಮಾನಗಳಿಗೆ ಇಂಥ ‘ಚಿಕಿತ್ಸೆ’ ಆಗಿರಲಿಲ್ಲ. ಒಂದು ಅಗುಳು ಹಿಚುಕಿ ಇಡೀ ಪಾತ್ರೆಯ ಅನ್ನದ ಹದ ತಿಳಿಯುವುದು ನಿಜ. ಆದರೆ ಆ ಅಗುಳು ಅದೇ ಪಾತ್ರೆಯಲ್ಲಿ, ಅದೇ ಬೆಂಕಿಯಲ್ಲಿ ಬೆಂದಿರಬೇಕು. ಕಾಮೆಟ್‌ನ ವಿಷಯದಲ್ಲಿ ಹಿಚುಕಿ ನೋಡಿದ ಅಗುಳೇ ಬೇರೆಯಾಗಿತ್ತು. ಕಂಪನಿ ಮೋಸ ಮಾಡಿರಲಿಲ್ಲ; ಪರೀಕ್ಷೆ ಎಂಬುದೇ ಒಂದು ಶಾಸ್ತ್ರ, ಅದಕ್ಕೂ ಅಷ್ಟೇ ಆಳವಾದ ಚಿಂತನೆ ಬೇಕೆಂಬುದನ್ನು ಜಗತ್ತು ಆಗ ಕಲಿಯುತ್ತಿತ್ತಷ್ಟೆ.

ಅಳತೆಗೋಲೇ ತಪ್ಪಿದರೆ

ಎರಡನೆಯ ಪ್ರಸಂಗ ಹಬಲ್ ದೂರದರ್ಶಕದ್ದು. 1990ರ ಏಪ್ರಿಲ್ 24ರಂದು ಬಾಹ್ಯಾಕಾಶಕ್ಕೆ ಹೊರಟ ಈ ದೂರದರ್ಶಕ ಕಳುಹಿಸಿದ ಮೊದಲ ಚಿತ್ರಗಳು ಮಸುಕಾಗಿದ್ದವು. 2.4 ಮೀಟರ್ ಅಗಲದ ಅದರ ಮುಖ್ಯ ಕನ್ನಡಿಯ ಅಂಚು ಇರಬೇಕಾದುದಕ್ಕಿಂತ ಸುಮಾರು 2.2 ಮೈಕ್ರಾನ್‌ನಷ್ಟು ಹೆಚ್ಚು ಚಪ್ಪಟೆಯಾಗಿತ್ತು. ಮಿಲಿಮೀಟರಿನ ಸಾವಿರದ ಒಂದು ಪಾಲು ಒಂದು ಮೈಕ್ರಾನ್. ಇಷ್ಟು ಸಣ್ಣ ತಪ್ಪು ಇಷ್ಟು ದೊಡ್ಡ ಯೋಜನೆಯ ಕಣ್ಣನ್ನೇ ಮಂಜಾಗಿಸಿತು.

ಕನ್ನಡಿ ಉಜ್ಜಿದವರು ಅಜಾಗರೂಕರಾಗಿರಲಿಲ್ಲ. ಅವರ ಅಳತೆಯ ಉಪಕರಣ ತೋರಿಸಿದ ಆಕಾರಕ್ಕೆ ಅತ್ಯಂತ ನಿಖರವಾಗಿ ಅದನ್ನು ತಂದಿದ್ದರು. ಆದರೆ ಆ ಉಪಕರಣದೊಳಗಿನ ಒಂದು ಮಸೂರವೇ 1.3 ಮಿಲಿಮೀಟರ್ ತಪ್ಪು ಜಾಗದಲ್ಲಿ ಕುಳಿತಿತ್ತು. ಟೇಪು ತಪ್ಪಿದ್ದರೆ ದರ್ಜಿ ಎಷ್ಟು ಚೆನ್ನಾಗಿ ಹೊಲಿದರೇನು? ಇನ್ನೂ ನೋವಿನ ಸಂಗತಿ ಎಂದರೆ, ಕನ್ನಡಿ ಕಾರ್ಖಾನೆಯಲ್ಲಿದ್ದಾಗಲೇ ನಡೆಸಿದ ಬೇರೆ ಸರಳ ಪರೀಕ್ಷೆಗಳು ಈ ದೋಷವನ್ನು ತೋರಿಸಿದ್ದವು. ಮುಖ್ಯ ಉಪಕರಣವೇ ಹೆಚ್ಚು ನಿಖರವೆಂದು ನಂಬಿ ಆ ಫಲಿತಾಂಶಗಳನ್ನು ಬದಿಗಿಟ್ಟರು. ಇಡೀ ದೂರದರ್ಶಕವನ್ನು ಜೋಡಿಸಿ ಭೂಮಿಯ ಮೇಲೆಯೇ ಒಮ್ಮೆ ನೋಡುವ ಪರೀಕ್ಷೆಯೂ ನಡೆಯಲಿಲ್ಲ. ಕೊನೆಗೆ 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳೇ ಹೋಗಿ, ಕಣ್ಣಿಗೆ ಕನ್ನಡಕ ತೊಡಿಸಿದಂತೆ ಸರಿಪಡಿಸುವ ಉಪಕರಣಗಳನ್ನು ಅಳವಡಿಸಬೇಕಾಯಿತು. ಎರಡು ಪರೀಕ್ಷೆಗಳು ಬೇರೆ ಬೇರೆ ಉತ್ತರ ಕೊಟ್ಟಾಗ ಇಷ್ಟವಾದ ಉತ್ತರವನ್ನು ಆರಿಸಿಕೊಳ್ಳಬಾರದು, ಕಾರಣವನ್ನು ಹುಡುಕಬೇಕು ಎಂಬುದು ಹಬಲ್ ಕಲಿಸಿದ ಪಾಠ.

ಮೊದಲು ನಡೆದಿತ್ತು, ಈಗಲೂ ನಡೆಯುತ್ತದೆ

ಮೂರನೆಯದು ಸಾಫ್ಟ್‌ವೇರ್ ಕಲಿಯುವ ವಿದ್ಯಾರ್ಥಿಗಳು ಮರೆಯಬಾರದ ಪ್ರಸಂಗ. 1996ರ ಜೂನ್ 4ರಂದು ಯುರೋಪಿನ ಏರಿಯಾನ್-5 ರಾಕೆಟ್ ತನ್ನ ಚೊಚ್ಚಲ ಹಾರಾಟದಲ್ಲಿ ಒಂದು ನಿಮಿಷ ತುಂಬುವ ಮೊದಲೇ ದಿಕ್ಕು ತಪ್ಪಿ ಚೂರಾಯಿತು. ಅದರೊಂದಿಗೆ ನಾಲ್ಕು ಉಪಗ್ರಹಗಳೂ ಹೋದವು. ರಾಕೆಟ್ಟಿನ ದಿಕ್ಕು ಅಳೆಯುವ ವ್ಯವಸ್ಥೆಯ ಸಾಫ್ಟ್‌ವೇರನ್ನು ಹಿಂದಿನ ಏರಿಯಾನ್-4ರಿಂದ ಎತ್ತಿಕೊಳ್ಳಲಾಗಿತ್ತು. ಅಲ್ಲಿ ಅದು ತೊಂದರೆ ಕೊಟ್ಟಿರಲಿಲ್ಲ. ಹೊಸ ರಾಕೆಟ್ ಹೆಚ್ಚು ವೇಗವಾಗಿ ಅಡ್ಡ ದಿಕ್ಕಿಗೆ ಸಾಗುತ್ತಿತ್ತು. ಅದರ ಒಂದು ಅಳತೆಯನ್ನು 64 ಬಿಟ್‌ನ ಸಂಖ್ಯೆಯಿಂದ 16 ಬಿಟ್‌ನ ಸಂಖ್ಯೆಗೆ ಬದಲಿಸುವಾಗ ಜಾಗ ಸಾಲಲಿಲ್ಲ. ಹದಿನಾರು ಬಿಟ್‌ನ ಅಂಥ ಸಂಖ್ಯೆಯಲ್ಲಿ 32,767ಕ್ಕಿಂತ ಹೆಚ್ಚಿನದನ್ನು ಬರೆಯಲಾಗದು. ಗಣಕ ಗೊಂದಲಕ್ಕೆ ಬಿದ್ದು ಕೆಲಸ ನಿಲ್ಲಿಸಿತು. ತುರ್ತಿಗೆಂದು ಇಟ್ಟಿದ್ದ ಎರಡನೆಯ ಗಣಕವೂ ಅದೇ ಸಾಫ್ಟ್‌ವೇರಿನದು. ಅದೂ ಹಾಗೆಯೇ ನಿಂತಿತು.

ಹೊಸ ರಾಕೆಟ್ಟಿನ ನಿಜವಾದ ಪಥದ ಅಂಕಿಗಳನ್ನು ಕೊಟ್ಟು ಆ ವ್ಯವಸ್ಥೆಯನ್ನು ನೆಲದ ಮೇಲೆಯೇ ಪರೀಕ್ಷಿಸಿದ್ದರೆ ದೋಷ ಕಾಣಿಸಿಕೊಳ್ಳುತ್ತಿತ್ತೆಂದು ತನಿಖಾ ಸಮಿತಿ ಹೇಳಿತು. ಅಂಥ ಪರೀಕ್ಷೆ ಬೇಡವೆಂದು ಬಿಡಲು ಇದ್ದ ಧೈರ್ಯ ಒಂದೇ: ಹಿಂದೆ ನಡೆದಿತ್ತು, ಈಗಲೂ ನಡೆಯುತ್ತದೆ. ಎತ್ತಿನ ಗಾಡಿಯಲ್ಲಿ ಬಾಳಿದ ಕೀಲು ಲಾರಿಗೂ ಬಾಳುತ್ತದೆಂದು ಯಾರಾದರೂ ನಂಬುತ್ತಾರೆಯೇ?

ಮುರಿಯುವುದೇ ಉದ್ದೇಶ

ಪರೀಕ್ಷೆಯೆಂದರೆ ವಸ್ತು ಚೆನ್ನಾಗಿದೆ ಎಂದು ಪ್ರಮಾಣಪತ್ರ ಕೊಡುವ ಕೆಲಸವೆಂದು ಹಲವರು ತಿಳಿದಿದ್ದಾರೆ. ನಿಜಕ್ಕೂ ಒಳ್ಳೆಯ ಪರೀಕ್ಷೆಯ ಗುರಿ, ವಸ್ತು ಎಲ್ಲಿ ಸೋಲುತ್ತದೆ ಎಂದು ತಿಳಿಯುವುದು. ದೊಡ್ಡ ವಿಮಾನದ ರೆಕ್ಕೆ, ಬಳಕೆಯಲ್ಲಿ ಎದುರಾಗಬಹುದಾದ ಅತಿ ಹೆಚ್ಚಿನ ಭಾರದ ಒಂದೂವರೆ ಪಟ್ಟನ್ನು ತಡೆಯಬೇಕೆಂಬುದು ನಿಯಮ. 2006ರ ಫೆಬ್ರುವರಿಯಲ್ಲಿ ಏರ್‌ಬಸ್ ಕಂಪನಿ ತನ್ನ ಎ-380 ವಿಮಾನದ ರೆಕ್ಕೆಯನ್ನು ಫ್ರಾನ್ಸಿನ ಟುಲೂಸ್‌ನಲ್ಲಿ ಬಗ್ಗಿಸುತ್ತ ಹೋದಾಗ ಅದು 1.45 ಪಟ್ಟಿಗೇ ಮುರಿಯಿತು. ಗುರಿಗೆ ಕೇವಲ ಮೂರು ಶೇಕಡಾದಷ್ಟು ಕಡಿಮೆ. ಮುರಿದ ಜಾಗ ತಿಳಿದದ್ದರಿಂದ ಅಲ್ಲಿಗೆ ಬಲ ಕೊಟ್ಟರು. ಆ ರೆಕ್ಕೆ ಮುರಿದದ್ದು ಪರೀಕ್ಷಾ ಶಾಲೆಯಲ್ಲಿ, ಅದರ ಕೆಳಗೆ ಯಾರೂ ಕುಳಿತಿರಲಿಲ್ಲ.

ನಮ್ಮ ಬೆಂಗಳೂರಿನಲ್ಲಿಯೂ ಇಂಥ ಕೆಲಸ ದಶಕಗಳಿಂದ ನಡೆದಿದೆ. 1960ರಲ್ಲಿ ಸ್ಥಾಪನೆಯಾದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಗೆ ಕಂಪನಿಗಳು ತಮ್ಮ ಟ್ರಾನ್ಸ್‌ಫಾರ್ಮರುಗಳನ್ನು ತಂದು ಒಪ್ಪಿಸುತ್ತವೆ. ಅಲ್ಲಿ ಬೇಕೆಂದೇ ಶಾರ್ಟ್ ಸರ್ಕ್ಯೂಟ್ ಮಾಡುತ್ತಾರೆ. ಸುರುಳಿಗಳಲ್ಲಿ ಹುಟ್ಟುವ ಬಲ ವಿದ್ಯುತ್ ಪ್ರವಾಹದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಪ್ರವಾಹ 20 ಪಟ್ಟಾದರೆ ಬಲ 400 ಪಟ್ಟು. ಸುರುಳಿ ಸಡಿಲವಾಗಿದ್ದರೆ ಒಂದು ಕ್ಷಣದಲ್ಲಿ ಜಾರಿ, ಸುತ್ತಿದ ಕಾಗದದ ಹೊದಿಕೆ ಹರಿಯುತ್ತದೆ. ಪರೀಕ್ಷೆಯ ನಂತರ ಟ್ರಾನ್ಸ್‌ಫಾರ್ಮರನ್ನು ಬಿಚ್ಚಿ ಒಳಗನ್ನೂ ನೋಡುತ್ತಾರೆ. ಬೇಸಿಗೆಯಲ್ಲಿ ಊರಿನ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿ, ಬದಲಿ ಬರುವಷ್ಟರಲ್ಲಿ ಪಂಪ್‌ಸೆಟ್ ನಿಂತು ಬೆಳೆ ಒಣಗಿದ ರೈತರಿಗೆ ಈ ಪರೀಕ್ಷೆಯ ಬೆಲೆಯನ್ನು ವಿವರಿಸಿ ಹೇಳಬೇಕಿಲ್ಲ.

ಇಸ್ರೋದ ಉಪಗ್ರಹಗಳು ಹಾರುವ ಮೊದಲು ಬೆಂಗಳೂರಿನ ಪರೀಕ್ಷಾ ಕೋಣೆಗಳಲ್ಲಿ ನಿರ್ವಾತವನ್ನೂ, ಸುಡುವ ಬಿಸಿಯನ್ನೂ, ಕೊರೆಯುವ ತಂಪನ್ನೂ, ರಾಕೆಟ್ಟಿನ ನಡುಕವನ್ನೂ ಅನುಭವಿಸುತ್ತವೆ. ಒಮ್ಮೆ ಕಕ್ಷೆ ಸೇರಿದ ಉಪಗ್ರಹದ ಬಳಿಗೆ ಸ್ಪ್ಯಾನರ್ ಹಿಡಿದು ಹೋಗುವಂತಿಲ್ಲವಲ್ಲ! ಗಗನಯಾನಕ್ಕಾಗಿ 2023ರ ಅಕ್ಟೋಬರ್ 21ರಂದು ಶ್ರೀಹರಿಕೋಟದಲ್ಲಿ ನಡೆದ ಪರೀಕ್ಷೆ ಇನ್ನೂ ಸ್ವಾರಸ್ಯಕರ. ಮೇಲೇರುತ್ತಿದ್ದ ರಾಕೆಟ್ಟಿನಿಂದ ಯಾತ್ರಿಗಳ ಕೋಶವನ್ನು ಅರ್ಧದಾರಿಯಲ್ಲಿಯೇ ಕಿತ್ತು, ಪ್ಯಾರಾಚೂಟಿನ ನೆರವಿನಿಂದ ಸುರಕ್ಷಿತವಾಗಿ ಸಮುದ್ರಕ್ಕೆ ಇಳಿಸಲಾಯಿತು. ಮನುಷ್ಯರನ್ನು ಕೂರಿಸುವ ಮೊದಲೇ, ಆಪತ್ತು ಬಂದರೆ ಏನಾಗುತ್ತದೆಂದು ನೋಡಿಕೊಂಡ ಪರೀಕ್ಷೆ ಇದು.

ಕಂಪನಿಗಳು ಎಡವುವುದು ಎಲ್ಲಿ?

ಇಷ್ಟೆಲ್ಲ ಗೊತ್ತಿದ್ದರೂ ಪರೀಕ್ಷೆಗೆ ಕತ್ತರಿ ಬೀಳುವುದೇಕೆ? ಮೊದಲ ಕಾರಣ ಕಾಲ. ವಸ್ತುವನ್ನು ಮಾರುಕಟ್ಟೆಗೆ ಬಿಡುವ ದಿನ ಮೊದಲೇ ಗೊತ್ತಾಗಿರುತ್ತದೆ. ವಿನ್ಯಾಸ ತಡವಾಗುತ್ತದೆ, ಬಿಡಿಭಾಗಗಳು ತಡವಾಗುತ್ತವೆ, ಬಿಡುಗಡೆಯ ದಿನ ಮಾತ್ರ ಕದಲುವುದಿಲ್ಲ. ಕೊನೆಗೆ ಉಳಿಯುವುದು ಪರೀಕ್ಷೆಯ ವಾರಗಳೇ; ಅವನ್ನೇ ಮೊಟಕು ಮಾಡುತ್ತಾರೆ. ಹಬ್ಬದ ಅಡುಗೆಗೆ ಹೊತ್ತಾದಾಗ ಅಕ್ಕಿ ಆರಿಸುವುದನ್ನು ಬಿಟ್ಟಂತೆ. ಕಲ್ಲು ಸಿಗುವುದು ಅತಿಥಿಯ ಬಾಯಿಗೆ.

ಎರಡನೆಯದು ಲೆಕ್ಕ. ಪರೀಕ್ಷೆಯ ಖರ್ಚು ಪುಸ್ತಕದಲ್ಲಿ ಕಾಣುತ್ತದೆ, ಅದು ತಪ್ಪಿಸಿದ ನಷ್ಟ ಕಾಣುವುದಿಲ್ಲ. ಆಗದೆ ಹೋದ ಅಪಘಾತಕ್ಕೆ ಯಾವ ಲೆಕ್ಕಿಗರೂ ಅಂಕಣ ಹಾಕುವುದಿಲ್ಲ. ತಪ್ಪು ನಕ್ಷೆಯ ಮೇಲಿರುವಾಗ ರಬ್ಬರಿನಿಂದ ಅಳಿಸಿದರೆ ಸಾಕು. ಅಚ್ಚು ತಯಾರಾದ ಮೇಲೆ ಅಚ್ಚನ್ನೇ ಬದಲಿಸಬೇಕು. ಗಿರಾಕಿಯ ಮನೆ ಸೇರಿದ ಮೇಲೆ ಕಂಪನಿಯ ಹೆಸರೇ ಹೋಗುತ್ತದೆ. 2016ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಗ್ಯಾಲಕ್ಸಿ ನೋಟ್-7 ಫೋನುಗಳ ಬ್ಯಾಟರಿಗಳು ಹೊತ್ತಿಕೊಂಡಾಗ ಇದೇ ಆಯಿತು. ಮೊದಲು ಸುಮಾರು 25 ಲಕ್ಷ ಫೋನುಗಳನ್ನು ಹಿಂದಕ್ಕೆ ಕರೆಸಿ, ಬೇರೆ ತಯಾರಕರ ಬ್ಯಾಟರಿ ಹಾಕಿದ ಫೋನುಗಳನ್ನು ಕೊಟ್ಟರು. ಅವುಗಳಲ್ಲಿ ಕೆಲವೂ ಹೊತ್ತಿಕೊಂಡವು. ಕೊನೆಗೆ ಆ ಮಾದರಿಯನ್ನೇ ಕೈಬಿಡಬೇಕಾಯಿತು. ಕಾರಣ ಹುಡುಕಲು ಕಂಪನಿ ಸುಮಾರು 700 ಎಂಜಿನಿಯರುಗಳನ್ನು ತೊಡಗಿಸಿ ಎರಡು ಲಕ್ಷ ಫೋನುಗಳನ್ನೂ 30,000 ಬ್ಯಾಟರಿಗಳನ್ನೂ ಪರೀಕ್ಷಿಸಿತು. ಎರಡು ತಯಾರಕರ ಬ್ಯಾಟರಿಗಳಲ್ಲಿ ಇದ್ದದ್ದು ಎರಡು ಬೇರೆ ಬೇರೆ ದೋಷಗಳೆಂದು 2017ರ ಜನವರಿಯಲ್ಲಿ ಪ್ರಕಟಿಸಿತು. ಆ ಬಳಿಕ ಬ್ಯಾಟರಿಗೆ ಎಂಟು ಹಂತಗಳ ತಪಾಸಣೆಯನ್ನು ಜಾರಿಗೆ ತಂದಿತು.

ಮೂರನೆಯದು ಮನುಷ್ಯ ಸ್ವಭಾವ. ಕೆಟ್ಟ ಸುದ್ದಿ ತರುವವರನ್ನು ಯಾರೂ ಮೆಚ್ಚುವುದಿಲ್ಲ. ತಿಂಗಳ ಕೊನೆಗೆ ಇಷ್ಟು ಸಾಮಾನು ಹೊರಗೆ ಹೋಗಲೇಬೇಕೆಂದು ಒತ್ತಡದಲ್ಲಿರುವ ಅಧಿಕಾರಿಯ ಕೈಕೆಳಗೇ ಪರೀಕ್ಷಾ ವಿಭಾಗ ಇದ್ದರೆ, ‘ಇದು ಆಗದು’ ಎಂದು ಬರೆಯುವ ಕೈ ನಡುಗುತ್ತದೆ. ಆದ್ದರಿಂದ ತಿಳಿವಳಿಕೆಯುಳ್ಳ ಕಂಪನಿಗಳು ಮೂರು ಕ್ರಮಗಳನ್ನು ಅನುಸರಿಸುತ್ತವೆ. ಪರೀಕ್ಷಾ ವಿಭಾಗವನ್ನು ಉತ್ಪಾದನೆಯ ಹಿಡಿತದಿಂದ ಬಿಡಿಸಿ ನೇರವಾಗಿ ಮೇಲಿನವರಿಗೆ ಉತ್ತರ ಹೇಳುವಂತೆ ಇಡುತ್ತವೆ. ನಕ್ಷೆ ಬರೆಯುವ ದಿನದಿಂದಲೇ ಪರೀಕ್ಷಕರನ್ನು ಜೊತೆಗೆ ಕೂರಿಸಿಕೊಂಡು “ಇದನ್ನು ಹೇಗೆ ಪರೀಕ್ಷಿಸುತ್ತೀರಿ?” ಎಂದು ಕೇಳುತ್ತವೆ. ದೋಷ ಕಂಡುಹಿಡಿದವರನ್ನು ಗದರಿಸುವುದಿಲ್ಲ, ಗೌರವಿಸುತ್ತವೆ.

ವಿದ್ಯಾರ್ಥಿಗಳು ಏನು ಕಲಿಯಬೇಕು?

ಈ ಕೆಲಸಕ್ಕೆ ಬೇಕಾದ ಸಿದ್ಧತೆ ಕಾಲೇಜಿನಲ್ಲಿಯೇ ಆರಂಭವಾಗಬೇಕು. ಅಂಕಗಳಿಗಾಗಿ ಮಾತ್ರ ಓದುವ ‘ಮಾಪನ ಮತ್ತು ಉಪಕರಣ’ ವಿಷಯವನ್ನು ಮನಸ್ಸಿಟ್ಟು ಓದಬೇಕು. ಅಳತೆಯ ಉಪಕರಣವನ್ನು ಯಾವುದರೊಂದಿಗೆ ಹೋಲಿಸಿ ಸರಿ ಎಂದರು ಎಂಬ ಪ್ರಶ್ನೆ ಕೇಳಲು ಕಲಿತವರು ಹಬಲ್‌ನಂಥ ತಪ್ಪನ್ನು ಮಾಡುವುದು ಕಡಿಮೆ. ಸಂಖ್ಯಾಶಾಸ್ತ್ರವೂ ಬೇಕು. ಸಾವಿರ ವಸ್ತುಗಳಲ್ಲಿ ಎಷ್ಟನ್ನು ಪರೀಕ್ಷಿಸಿದರೆ ಉಳಿದವುಗಳ ಬಗ್ಗೆ ಧೈರ್ಯವಾಗಿ ಮಾತನಾಡಬಹುದೆಂದು ಅದು ಹೇಳುತ್ತದೆ. ಇವೆರಡರ ಜೊತೆಗೆ, ನಡೆದದ್ದನ್ನು ನಡೆದಂತೆ ಬರೆದಿಡುವ ಶಿಸ್ತು ಇರಬೇಕು. ಪ್ರಯೋಗಾಲಯದಲ್ಲಿ ಬಾರದ ಉತ್ತರವನ್ನು ಪಕ್ಕದವರ ಪುಸ್ತಕ ನೋಡಿ ತುಂಬಿಸುವ ಅಭ್ಯಾಸ ಅಲ್ಲಿ ಎರಡು ಅಂಕ ತರಬಹುದು. ಕಾರ್ಖಾನೆಯಲ್ಲಿ ಅದೇ ಅಭ್ಯಾಸ ಒಂದು ಜೀವವನ್ನು ತೆಗೆಯಬಹುದು.

ಅಂತಿಮ ವರ್ಷದ ಪ್ರಾಜೆಕ್ಟ್ ಒಳ್ಳೆಯ ಅವಕಾಶ. ಪರೀಕ್ಷಕರ ಮುಂದೆ ಒಮ್ಮೆ ಓಡಿದರೆ ಸಾಕು ಎಂದು ಹೆಚ್ಚಿನವರು ತೃಪ್ತರಾಗುತ್ತಾರೆ. ಅದನ್ನು ನೂರು ಸಲ ಓಡಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ಇಟ್ಟು, ವೋಲ್ಟೇಜ್ ಏರಿಳಿಸಿ, ಅದು ಯಾವಾಗ ನಿಂತಿತು, ಏಕೆ ನಿಂತಿತು ಎಂದು ಬರೆದ ವಿದ್ಯಾರ್ಥಿಯ ವರದಿ ಸಂದರ್ಶನದಲ್ಲಿ ಬೇರೆಯಾಗಿಯೇ ಕಾಣುತ್ತದೆ. ಮಾತಿನಲ್ಲಿ ಸೌಜನ್ಯವೂ ಇರಬೇಕು. ದೋಷ ಇರುವುದು ವಸ್ತುವಿನಲ್ಲಿ, ಅದನ್ನು ಮಾಡಿದವರಲ್ಲಿ ಅಲ್ಲ ಎಂದು ತಿಳಿದು ಮಾತನಾಡುವ ಪರೀಕ್ಷಕರ ಮಾತನ್ನು ವಿನ್ಯಾಸಕಾರರೂ ಕೇಳುತ್ತಾರೆ.

ತಂದೆ ತಾಯಿಯರಿಗೂ ಇಲ್ಲಿ ಪಾತ್ರವಿದೆ. “ಹೀಗೆ ಮಾಡಿದರೆ ಏನಾಗುತ್ತದೆ?” ಎಂದು ಪದೇ ಪದೇ ಕೇಳುವ ಮಗು, ಆಟಿಕೆಯನ್ನು ಬಿಚ್ಚಿ ನೋಡುವ ಮಗು ತಂಟೆಕೋರ ಆಗಿರಬೇಕಿಲ್ಲ. ಆ ಕುತೂಹಲವನ್ನು ಗದರಿ ಅಡಗಿಸದೆ, ನೋಡಿದ್ದನ್ನು ಬರೆದಿಡುವಂತೆ ಹೇಳಿದರೆ ಅದೇ ಮುಂದೆ ವಿದ್ಯೆಯಾಗುತ್ತದೆ. ಇನ್ನು ಕೆಲಸ ಸಿಕ್ಕಿದ ಮಕ್ಕಳ ಮುಂದೆ ‘ಬರೀ ಟೆಸ್ಟಿಂಗ್’ ಎಂಬ ಮಾತನ್ನು ಬಿಡಬೇಕು. ಮನೆಯಲ್ಲಿ ಕೀಳೆನಿಸಿಕೊಂಡ ಕೆಲಸವನ್ನು ಯಾರೂ ಕಾರ್ಖಾನೆಯಲ್ಲಿ ಮೇಲಾಗಿ ಮಾಡಲಾರರು.

ಪರೀಕ್ಷಾ ವಿಭಾಗದ ಕೆಲಸ ಬಂದಾಗ ಸುಮ್ಮನೆ ಒಪ್ಪಬೇಕೆಂದಾಗಲಿ ಬಿಡಬೇಕೆಂದಾಗಲಿ ಇಲ್ಲ. ಸಂದರ್ಶನದ ಕೊನೆಯಲ್ಲಿ “ನಿಮಗೇನಾದರೂ ಕೇಳುವುದಿದೆಯೇ?” ಎಂದಾಗ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಬಹುದು. ಪರೀಕ್ಷಾ ವಿಭಾಗದ ಮುಖ್ಯಸ್ಥರು ಯಾರಿಗೆ ಉತ್ತರ ಹೇಳುತ್ತಾರೆ? ಹೊಸ ವಸ್ತುವಿನ ವಿನ್ಯಾಸದ ಯಾವ ಹಂತದಲ್ಲಿ ಅವರನ್ನು ಕರೆಯುತ್ತೀರಿ? ಅವರು ಬೇಡವೆಂದು ಬರೆದದ್ದರಿಂದ ಬಿಡುಗಡೆ ನಿಂತ ಸಂದರ್ಭ ಇದೆಯೇ? ಮೂರನೆಯ ಪ್ರಶ್ನೆಗೆ ತಡವರಿಸದೆ “ಇದೆ” ಎನ್ನುವ ಕಂಪನಿ ಸಿಕ್ಕರೆ, ಮಗಳಾಗಲಿ ಮಗನಾಗಲಿ ಅಲ್ಲಿಗೆ ತಲೆಯೆತ್ತಿ ಸೇರಬಹುದು. ಹಾಗೆ ಬಿಡುಗಡೆಯನ್ನು ನಿಲ್ಲಿಸಿದ ಆ ವರದಿಯನ್ನು ಬರೆದವರ ಹೆಸರು ಹೊರಗಿನ ಯಾರಿಗೂ ತಿಳಿದಿರುವುದಿಲ್ಲ. ಆ ವಸ್ತುವನ್ನು ನಂಬಿ ಬಳಸುವ ಮನೆಗಳ ನೆಮ್ಮದಿ ಮಾತ್ರ ಅವರದೇ ದುಡಿಮೆ.